ಮಿಯುರಾ ಮಡಿಕೆ ಕೂಡ್ತಾ ಇಲ್ಲ, ಮಡಚುವ ಮೊದಲೇ ಪರೀಕ್ಷಿಸುವ ಸಾಫ್ಟ್‌ವೇರ್ ಯಾವುದಿದೆ?

ಭೀಮಾತೀರದ ಮೇಷ್ಟ್ರು

ಎಲ್ಲರಿಗೂ ಶರಣು. ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಂಬತ್ತನೇ ಕ್ಲಾಸಿನ ಮಕ್ಕಳು ಉಪಗ್ರಹದ ಸೋಲಾರ್ ಫಲಕ ಮಾಡುತ್ತೇವೆ ಅಂತ ಹಟ ಹಿಡಿದಿದ್ದಾರೆ. ಜಪಾನಿನ ಕೋರ್ಯೋ ಮಿಯುರಾ ಅವರ ಮಡಿಕೆ ಇದೆಯಲ್ಲ, ಎದುರುಬದುರು ಮೂಲೆ ಹಿಡಿದು ಎಳೆದರೆ ಪೂರ್ತಿ ಹಾಳೆ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ, ಅದು. 1995ರಲ್ಲಿ ಜಪಾನ್ ಹಾರಿಸಿದ ಸ್ಪೇಸ್ ಫ್ಲೈಯರ್ ಯೂನಿಟ್‌ನಲ್ಲಿ ಇದೇ ಮಡಿಕೆಯ ಫಲಕವನ್ನು ಬಾಹ್ಯಾಕಾಶದಲ್ಲಿ ಬಿಚ್ಚಿ ನೋಡಿದ್ದರು. ಅದನ್ನು ಕೇಳಿದ ಮೇಲೆ ಮಕ್ಕಳಿಗೆ ಬೇರೆ ಯಾವುದೂ ಬೇಡವಾಗಿದೆ.

ಡ್ರಾಯಿಂಗ್ ಶೀಟ್ ಮೇಲೆ ಸ್ಕೇಲು, ಕೋನಮಾಪಕ ಇಟ್ಟುಕೊಂಡು ಎರಡು ಸಂಜೆ ಕೂತು ಗೆರೆ ಹಾಕಿದೆವು. ಉದ್ದಕ್ಕೆ 8 ಮನೆ, ಅಡ್ಡಕ್ಕೆ 6 ಮನೆ. ಮಡಚಿದರೆ ಎಡಗಡೆ ಚೆನ್ನಾಗಿ ಕೂಡುತ್ತದೆ, ಬಲಗಡೆ ಬರುತ್ತ ಬರುತ್ತ ಉಬ್ಬುತ್ತದೆ. ಒತ್ತಿದರೆ ಗೆರೆಗಳು ಕೂಡುವ ಒಂದು ಚುಕ್ಕೆಯ ಹತ್ತಿರ ಹರಿಯಿತು. ಮೂರು ಹಾಳೆ ಹೀಗೇ ಹೋದವು. ಮಡಚುವ ಮೊದಲೇ ಇದು ಕೂಡುತ್ತದೋ ಇಲ್ಲವೋ ತೋರಿಸುವ ಸಾಫ್ಟ್‌ವೇರ್ ಇದ್ದರೆ ಹೇಳಿ. ಲ್ಯಾಬಿನಲ್ಲಿ ನಾಲ್ಕು ಹಳೇ ಕಂಪ್ಯೂಟರ್ ಇವೆ, ನನ್ನ ಹತ್ತಿರ ಒಂದು ಲ್ಯಾಪ್‌ಟಾಪ್. ದುಡ್ಡು ಕೊಟ್ಟು ಕೊಳ್ಳುವಂಥದ್ದು ಬೇಡ.

ಸೇಡಂರೋಡ್

ಶರಣು ಸರ್. ಕಲಬುರಗಿಯಿಂದ ಬರೆಯುತ್ತಿದ್ದೇನೆ, ಮೆಕ್ಯಾನಿಕಲ್ ಓದಿದವಳು, ನಾಲ್ಕು ವರ್ಷದಿಂದ ಓರಿಗಾಮಿ, ಅಂದರೆ ಕಾಗದ ಮಡಚುವ ಕಲೆಯ ಹುಚ್ಚು. ನಿಮಗೆ ಬೇಕಾದ್ದೆಲ್ಲ ಪುಕ್ಕಟೆ ಸಿಗುತ್ತದೆ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಹರಿದ ಚುಕ್ಕೆಯ ಸುತ್ತ ನಾಲ್ಕು ಕೋನ ಇರುತ್ತವೆ, ಅವನ್ನು ಅಳೆದು ಇಲ್ಲಿ ಹಾಕಿ.

ಭೀಮಾತೀರದ ಮೇಷ್ಟ್ರು

ಮೇಡಂ, ಅಳೆದೆ. ಮೇಲಿನ ಎಡಕ್ಕೆ 75, ಮೇಲಿನ ಬಲಕ್ಕೆ 72, ಕೆಳಗಿನ ಬಲಕ್ಕೆ 108, ಕೆಳಗಿನ ಎಡಕ್ಕೆ 105. ಎಲ್ಲಾ ಕಡೆ 75 ಮತ್ತು 105 ಇರಬೇಕಿತ್ತು. ಮೂರು ಡಿಗ್ರಿ ತಪ್ಪಿದ್ದಕ್ಕೆ ಹಾಳೆ ಹರಿಯುತ್ತದಾ? ಕೂಡಿಸಿದರೆ 360 ಸರಿಯಾಗೇ ಬರುತ್ತದೆ.

ಸೇಡಂರೋಡ್

360 ಯಾವಾಗಲೂ ಬರುತ್ತದೆ ಸರ್, ಹಾಳೆ ಸಪಾಟಾಗಿದೆ ಅಂತ ಅಷ್ಟೇ ಅದರ ಅರ್ಥ. ಮಡಚಿ ಚಪ್ಪಟೆ ಆಗಬೇಕಾದರೆ ಬೇರೆ ಲೆಕ್ಕ ಇದೆ. ಒಂದು ಬಿಟ್ಟು ಒಂದು ಕೋನ ಕೂಡಿಸಬೇಕು, ಎರಡೂ ಗುಂಪು 180 ಬರಬೇಕು. ಇದನ್ನು ಕವಾಸಾಕಿ ಪ್ರಮೇಯ ಅನ್ನುತ್ತಾರೆ. ನಿಮ್ಮದು 75 ಮತ್ತು 108 ಕೂಡಿಸಿದರೆ 183. ಇನ್ನೊಂದು ಗುಂಪು 72 ಮತ್ತು 105, ಅಂದರೆ 177. ಅಲ್ಲೇ ಸಿಕ್ಕಿಕೊಂಡಿದೆ. ಒಂದು ಚುಕ್ಕೆಯಲ್ಲಿ ಮೂರು ಡಿಗ್ರಿ ಅಂದರೆ ಕಾಗದ ಸ್ವಲ್ಪ ಬಾಗಿ ಸಹಿಸಿಕೊಳ್ಳುತ್ತದೆ, ಆದರೆ ಪಕ್ಕದ ಚುಕ್ಕೆಯಲ್ಲೂ ಅದೇ ತಪ್ಪು, ಅದರ ಪಕ್ಕದಲ್ಲೂ ಅದೇ ಆದರೆ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಎಲ್ಲಾ ಸೇರಿ ಉಬ್ಬುತ್ತದೆ. ನೀವು ಎಡದಿಂದ ಬಲಕ್ಕೆ ಮಡಚಿದಿರಿ ಅನ್ನಿಸುತ್ತದೆ, ಅದಕ್ಕೇ ಬಲಗಡೆ ಉಬ್ಬಿದೆ.

ಇನ್ನೊಂದು ಲೆಕ್ಕ ಜಪಾನಿನ ಓರಿಗಾಮಿ ಕಲಾವಿದ ಜುನ್ ಮಾಏಕಾವಾ ಅವರದು. ಒಂದು ಚುಕ್ಕೆಯಲ್ಲಿ ಗುಡ್ಡ ಮಡಿಕೆ (ಮೇಲಕ್ಕೆ ಎದ್ದು ನಿಲ್ಲುವುದು) ಎಷ್ಟು, ತಗ್ಗು ಮಡಿಕೆ (ಒಳಕ್ಕೆ ಇಳಿಯುವುದು) ಎಷ್ಟು ಎಣಿಸಿ. ವ್ಯತ್ಯಾಸ ಸರಿಯಾಗಿ 2 ಇರಬೇಕು. ನಾಲ್ಕು ಗೆರೆ ಕೂಡುವ ಚುಕ್ಕೆಯಾದರೆ 3 ಗುಡ್ಡ 1 ತಗ್ಗು, ಇಲ್ಲಾ 3 ತಗ್ಗು 1 ಗುಡ್ಡ.

ಈ ಎರಡನ್ನೂ ಪ್ರತಿ ಚುಕ್ಕೆಗೂ ಕೈಯಲ್ಲಿ ನೋಡುತ್ತಾ ಕೂತರೆ ಪ್ರದರ್ಶನ ಮುಗಿದೇ ಹೋಗುತ್ತದೆ. ಅದಕ್ಕೆ ಓರಿಯೆಡಿಟಾ ಹಾಕಿಕೊಳ್ಳಿ. ಜಪಾನಿನಲ್ಲಿ ಬರೆದ ಓರಿಹಿಮೆ ಅನ್ನುವ ಹಳೇ ಪ್ರೋಗ್ರಾಮನ್ನು ಮುಂದುವರಿಸಿ ಮಾಡಿದ್ದು, ಜಾವಾದಲ್ಲಿ ನಡೆಯುತ್ತದೆ, ಹಳೇ ಕಂಪ್ಯೂಟರಿಗೂ ಭಾರ ಆಗಲ್ಲ. ಗುಡ್ಡ ಕೆಂಪು, ತಗ್ಗು ನೀಲಿ, ಅಂಚು ಕಪ್ಪು. ಗೆರೆ ಎಳೆಯುತ್ತಿದ್ದ ಹಾಗೇ ತಪ್ಪಿದ ಚುಕ್ಕೆಗೆ ಗುರುತು ಹಾಕಿ ತೋರಿಸುತ್ತದೆ. ಪೂರ್ತಿ ಆದ ಮೇಲೆ ಮಡಚಿದಾಗ ಹೇಗೆ ಕಾಣುತ್ತದೆ ಅನ್ನುವುದನ್ನೂ ಲೆಕ್ಕ ಹಾಕಿ ಕೊಡುತ್ತದೆ. ತ್ಸುಕುಬಾ ವಿಶ್ವವಿದ್ಯಾಲಯದ ಜುನ್ ಮಿತಾನಿ ಅವರ ಓರಿಪಾ ಕೂಡ ಇಂಥದ್ದೇ, ಇನ್ನೂ ಸರಳ. ಮಕ್ಕಳ ಕೈಗೆ ಮೊದಲು ಓರಿಪಾ ಕೊಟ್ಟರೂ ನಡೆಯುತ್ತದೆ.

ಬ್ರಹ್ಮಪುರ ಪ್ರೆಸ್

ನಡುವೆ ಬಾಯಿ ಹಾಕುತ್ತಿದ್ದೇನೆ, ಸರ್. ನಮ್ಮದು ಕಲಬುರಗಿಯಲ್ಲಿ ಲಗ್ನಪತ್ರಿಕೆ, ಸ್ವೀಟ್ ಬಾಕ್ಸ್ ಮಾಡುವ ಪ್ರೆಸ್. ದಿನಾ ಮಡಚುವುದೇ ನಮ್ಮ ಕೆಲಸ. ಮೇಡಂ ಹೇಳಿದ ಲೆಕ್ಕ ಒಪ್ಪುತ್ತೇನೆ, ಆದರೆ ಡ್ರಾಯಿಂಗ್ ಶೀಟ್ ಹರಿದಿದ್ದಕ್ಕೆ ಇನ್ನೊಂದು ಕಾರಣ ಇರಬಹುದು. ಕಾಗದಕ್ಕೆ ಗ್ರೇನ್ ಅಂತ ಇರುತ್ತದೆ, ಒಳಗಿನ ನಾರು ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಮಡಚಿದರೆ ಗೆರೆ ನೀಟಾಗಿ ಬೀಳುತ್ತದೆ. ಅಡ್ಡ ಮಡಚಿದರೆ ದಪ್ಪ ಹಾಳೆ ಬಿರುಕು ಬಿಡುತ್ತದೆ. ಗ್ರೇನ್ ಕಂಡುಹಿಡಿಯಲು ಹಾಳೆಯನ್ನು ಎರಡೂ ದಿಕ್ಕಿಗೆ ಸುಮ್ನೆ ಬಗ್ಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಅದೇ ಗ್ರೇನ್ ದಿಕ್ಕಿನ ಮಡಿಕೆ.

ದಪ್ಪ ಡ್ರಾಯಿಂಗ್ ಶೀಟ್ ಬಿಡಿ. 80 ಜಿಎಸ್‌ಎಂ ಜೆರಾಕ್ಸ್ ಹಾಳೆ ಎ3 ಸೈಜು ತಗೊಳ್ಳಿ. ರೀಫಿಲ್ ಮುಗಿದ ಬಾಲ್ ಪೆನ್ ಇರುತ್ತದಲ್ಲ, ಸ್ಕೇಲ್ ಇಟ್ಟು ಅದರಿಂದ ಎಲ್ಲಾ ಗೆರೆ ಮೇಲೆ ಒಮ್ಮೆ ಒತ್ತಿ ಎಳೆಯಿರಿ. ಕೆಳಗೆ ಹಳೇ ನೋಟ್‌ಬುಕ್ ಇರಲಿ, ಗಟ್ಟಿ ಮೇಜಿನ ಮೇಲೆ ಎಳೆದರೆ ಗೆರೆ ಕೂರುವುದಿಲ್ಲ. ಪ್ರೆಸ್‌ನಲ್ಲಿ ಕ್ರೀಸಿಂಗ್ ಅಂತ ಮೆಷೀನಿನಲ್ಲಿ ಮಾಡುವುದೂ ಇದನ್ನೇ. ಆಮೇಲೆ ಪ್ರತಿ ಗೆರೆಯನ್ನೂ ಹಿಂದಕ್ಕೂ ಮುಂದಕ್ಕೂ ಒಂದೊಂದು ಸಲ ಮಡಚಿ ಬಿಡಿಸಿ ಇಡಿ. ಆಗ ಕೂಡಿಸುವಾಗ ಹಾಳೆ ತಾನಾಗಿ ಮಾತು ಕೇಳುತ್ತದೆ.

ಭೀಮಾತೀರದ ಮೇಷ್ಟ್ರು

ಇಬ್ಬರಿಗೂ ಧನ್ಯವಾದ. ಈ ವಾರ ಇಷ್ಟು ಮಾಡಿದೆವು. ಓರಿಯೆಡಿಟಾ ಹಾಕಿದೆ. 75 ಡಿಗ್ರಿಯಲ್ಲಿ ಪೂರ್ತಿ ನಕ್ಷೆ ಹಾಕಿದೆವು. ಒಂದು ಚುಕ್ಕೆಗೂ ತಪ್ಪಿನ ಗುರುತು ಬರಲಿಲ್ಲ. ಮಡಚಿದ ಚಿತ್ರವನ್ನೂ ಕೊಟ್ಟಿತು, ಉದ್ದನೆ ಪಟ್ಟಿ ಅಂಕುಡೊಂಕಾಗಿ ಒಂದರ ಮೇಲೊಂದು ಕೂತ ಹಾಗೆ. ಮಕ್ಕಳು ಚಪ್ಪಾಳೆ ಹೊಡೆದರು.

ಆಮೇಲೆ ಒಬ್ಬ ಹುಡುಗ ಇನ್ನೊಂದು ಹುಡುಕಿ ತಂದ. ಅಮಾಂಡಾ ಘಸೈ ಅನ್ನುವವರು ಮಾಡಿದ ಓರಿಗಾಮಿ ಸಿಮ್ಯುಲೇಟರ್. ಬ್ರೌಸರಿನಲ್ಲೇ ತೆರೆಯುತ್ತದೆ, ಕೆಳಗಿನ ಪಟ್ಟಿ ಎಳೆದರೆ ಹಾಳೆ ಕಣ್ಣೆದುರಿಗೇ ಮಡಚಿಕೊಳ್ಳುತ್ತದೆ. ನಮ್ಮ ನಕ್ಷೆಯನ್ನು ಫೋಲ್ಡ್ ಫೈಲ್ (ಮಡಿಕೆ ನಕ್ಷೆ ಇಡುವ ಒಂದು ಫೈಲ್ ನಮೂನೆ) ಮಾಡಿ ಅದರಲ್ಲಿ ಹಾಕಿದೆವು. ಅಲ್ಲಿ ಎಲ್ಲಿ ಕಾಗದ ಹಿಗ್ಗುತ್ತದೆ ಅಂತ ಬಣ್ಣದಲ್ಲಿ ತೋರಿಸುವ ಸೌಲಭ್ಯ ಇದೆ, ನೀಲಿ ಇದ್ದರೆ ಸರಿ, ಕೆಂಪಾದರೆ ಎಳೆತ ಜಾಸ್ತಿ. ನಮ್ಮದು ಸ್ವಲ್ಪ ಮಡಚುತ್ತಿದ್ದ ಹಾಗೇ ಚುಕ್ಕೆಗಳ ಸುತ್ತ ಕೆಂಪಾಗುತ್ತದೆ. ಹಾಳೆ ತಿರುಚಿಕೊಂಡು ಒದ್ದಾಡುತ್ತದೆ. ಓರಿಯೆಡಿಟಾ ಕೂಡುತ್ತದೆ ಅನ್ನುತ್ತದೆ, ಇದು ಕೂಡಲ್ಲ ಅನ್ನುತ್ತದೆ. ಯಾವುದನ್ನು ನಂಬಬೇಕು ಮೇಡಂ?

ಸೇಡಂರೋಡ್

ಸರ್, ಉದ್ದಕ್ಕೆ ನೇರ ಹೋಗುವ ಗೆರೆಗಳಿಗೆ ಯಾವ ಬಣ್ಣ ಕೊಟ್ಟಿದ್ದೀರಿ?

ಭೀಮಾತೀರದ ಮೇಷ್ಟ್ರು

ಒಂದು ಗೆರೆ ಪೂರ್ತಿ ಕೆಂಪು, ಅದರ ಪಕ್ಕದ್ದು ಪೂರ್ತಿ ನೀಲಿ. ಮೊದಲು ಬೀಸಣಿಕೆ ಹಾಗೆ ಪಟ್ಟಿ ಮಡಚಿ, ಆ ಪಟ್ಟಿಯನ್ನು ಓರೆಯಾಗಿ ಹಿಂದೆ ಮುಂದೆ ಮಡಚಿದ್ದೆವು. ಬಿಚ್ಚಿದಾಗ ಹಾಳೆ ಮೇಲೆ ಯಾವ ಗುಡ್ಡ ಯಾವ ತಗ್ಗು ಬಂತೋ ಅದನ್ನೇ ನೋಡಿ ಬಣ್ಣ ಹಾಕಿದೆವು.

ಸೇಡಂರೋಡ್

ಸಿಕ್ಕಿತು. ಎರಡೂ ಸಾಫ್ಟ್‌ವೇರ್ ನಿಜವನ್ನೇ ಹೇಳಿವೆ ಸರ್. ಅವು ಉತ್ತರ ಕೊಡುತ್ತಿರುವ ಪ್ರಶ್ನೆಯೇ ಬೇರೆ ಬೇರೆ.

ಓರಿಯೆಡಿಟಾ ನೋಡುವುದು ಕೊನೆಯ ಸ್ಥಿತಿ. ಪೂರ್ತಿ ಮಡಚಿ ಚಪ್ಪಟೆ ಆದಾಗ ಪದರಗಳು ಒಂದಕ್ಕೊಂದು ಅಡ್ಡ ಬರದೆ ಕೂಡುತ್ತವಾ ಅಂತ. ನಿಮ್ಮ ಬೀಸಣಿಕೆ ನಕ್ಷೆ ಕೂಡುತ್ತದೆ, ಕೈಯಲ್ಲೇ ಮಡಚಿ ನೋಡಿದ್ದೀರಲ್ಲ. ಮೊದಲು ಪಟ್ಟಿ, ಆಮೇಲೆ ಓರೆ. ಹಂತ ಹಂತವಾಗಿ.

ಸಿಮ್ಯುಲೇಟರ್ ಹಂತ ಗೊತ್ತಿಲ್ಲದ್ದು. ಅದು ಎಲ್ಲಾ ಗೆರೆಗಳನ್ನೂ ಒಂದೇ ಸಲ ಸ್ವಲ್ಪ ಸ್ವಲ್ಪ ಮಡಚುತ್ತದೆ. ಈಗ ಒಂದು ಚುಕ್ಕೆ ನೋಡಿ. ನೇರ ಗೆರೆಯ ಮೇಲಿನ ತುಂಡೂ ಗುಡ್ಡ, ಕೆಳಗಿನ ತುಂಡೂ ಗುಡ್ಡ. ಅಂದರೆ ಆ ಗೆರೆ ಉದ್ದಕ್ಕೂ ಹಾಳೆ ಮನೆಯ ಮಾಡಿನ ಹಾಗೆ ಎತ್ತಿಕೊಂಡಿದೆ. ಮಾಡಿನ ಹಾಗೆ ನಿಂತ ಹಾಳೆಯನ್ನು ನಡುವೆ ಅಡ್ಡ ಬಗ್ಗಿಸಲು ನೋಡಿ, ಬಗ್ಗಲ್ಲ. ಪೂರ್ತಿ ಮಡಚಿ ಎರಡು ಪದರ ಒಂದಾದ ಮೇಲೆ ಮಾತ್ರ ಬಗ್ಗುತ್ತದೆ. ಅದಕ್ಕೇ ನಡುವಿನ ಸ್ಥಿತಿಯಲ್ಲಿ ಕೆಂಪು ಬಂತು. ಎಣಿಕೆ ಮಾತ್ರ 3 ಗುಡ್ಡ 1 ತಗ್ಗೇ ಬರುತ್ತದೆ, ಕೋನವೂ ಸರಿ. ಹಾಗಾಗಿ ಆ ಎರಡು ಪ್ರಮೇಯದಿಂದ ಇದು ಸಿಗುವುದಿಲ್ಲ.

ನಿಜವಾದ ಮಿಯುರಾದಲ್ಲಿ ಬಣ್ಣ ಅದಲುಬದಲು. ಅಂಕುಡೊಂಕು ಗೆರೆ ಒಂದು ಪೂರ್ತಿ ಗುಡ್ಡ, ಮುಂದಿನದು ಪೂರ್ತಿ ತಗ್ಗು. ನೇರ ಗೆರೆ ಮಾತ್ರ ಪ್ರತಿ ಚುಕ್ಕೆಗೂ ಬದಲಾಗುತ್ತ ಹೋಗಬೇಕು, ಒಂದು ತುಂಡು ಗುಡ್ಡ, ಮುಂದಿನ ತುಂಡು ತಗ್ಗು. ಹಾಗೆ ಹಾಕಿ ನೋಡಿ. ಗೆರೆ ಅವೇ, ಕೋನ ಅವೇ, ಬಣ್ಣ ಅಷ್ಟೇ ಬದಲು. ಆಗ ಒಂದು ಮನೆ ಅಲುಗಿದರೆ ಎಲ್ಲಾ 48 ಮನೆಯೂ ಅಲುಗಲೇಬೇಕು. ಉಪಗ್ರಹಕ್ಕೆ ಇದು ಹೊಂದುವುದು ಅದಕ್ಕೇ. ಬಿಚ್ಚಲು ಪ್ರತಿ ಮಡಿಕೆಗೂ ಒಂದೊಂದು ಮೋಟರ್ ಬೇಕಿಲ್ಲ.

ಬ್ರಹ್ಮಪುರ ಪ್ರೆಸ್

ಮೇಡಂ, ಈ ಮಾಡಿನ ಮಾತು ಓದಿ ಒಂದು ಕಾರ್ಡ್ ತಗೊಂಡು ಮಾಡಿಯೇ ನೋಡಿದೆ. ಹೌದ್ರಿ, ಬಗ್ಗಲ್ಲ. ಬಾಕ್ಸ್ ಗಟ್ಟಿ ನಿಲ್ಲುವುದು ಇದರಿಂದಲೇ ಅಂತ ಇಷ್ಟು ವರ್ಷ ಕೈಗೆ ಗೊತ್ತಿತ್ತು, ಇವತ್ತು ಕಾರಣ ಗೊತ್ತಾಯಿತು.

ನನ್ನದೊಂದು ತೊಂದರೆ ಇದೆ. ನಾನೂ ಒಂದು ಬಾಕ್ಸ್ ನಕ್ಷೆಯನ್ನು ನಮ್ಮ ಡಿಸೈನ್ ಸಾಫ್ಟ್‌ವೇರಿನಲ್ಲಿ ಹಾಕಿ ಎಸ್‌ವಿಜಿ ಮಾಡಿ ಆ ಸಿಮ್ಯುಲೇಟರಿಗೆ ಕೊಟ್ಟೆ. ಗೆರೆಯನ್ನೇ ಹಿಡಿಯುತ್ತಿಲ್ಲ. ಕೆಂಪು ನೀಲಿ ಸರಿಯಾಗೇ ಹಾಕಿದ್ದೇನೆ.

ಸೇಡಂರೋಡ್

ಪ್ರೆಸ್‌ನಲ್ಲಿ ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಶಾಯಿ ಬೆರೆಸುವ ಬಣ್ಣ ಬಳಸುತ್ತೀರಿ ಅಲ್ವಾ ಅಣ್ಣಾ, ಅದೇ ಕಾರಣ. ಆ ಕೆಂಪು ಫೈಲಿಗೆ ಹೋದಾಗ ಶುದ್ಧ ಕೆಂಪಾಗಿ ಉಳಿಯಲ್ಲ. ಕಣ್ಣಿಗೆ ಕೆಂಪೇ, ಆದರೆ ಸಿಮ್ಯುಲೇಟರಿಗೆ ಬೇಕಾದ್ದು ತೆರೆಯ ಬಣ್ಣ, ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಲೆಕ್ಕದಲ್ಲಿ 255, 0, 0. ನೀಲಿ 0, 0, 255. ಇಷ್ಟು ಕರಾರುವಾಕ್ಕಾಗಿ ಇಲ್ಲದಿದ್ದರೆ ಅದು ಗೆರೆಯನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಕತ್ತರಿಸುವ ಗೆರೆಗೆ ಹಸಿರು. ಇಂಕ್‌ಸ್ಕೇಪ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ತೆರೆದು ಬಣ್ಣ ಬದಲಿಸಿ. ನಿಮ್ಮ ಬಾಕ್ಸಿಗೆ ಇನ್ನೊಂದು ಮಾತು ಬೇಕಾಗುತ್ತದೆ. ಗೆರೆಯ ಅಪಾರದರ್ಶಕತೆ, ಅಂದರೆ ಒಪಾಸಿಟಿ, ಪೂರ್ತಿ ಇದ್ದರೆ 180 ಡಿಗ್ರಿ ಮಡಚುತ್ತದೆ, ಅರ್ಧ ಇಟ್ಟರೆ 90 ಡಿಗ್ರಿಗೆ ನಿಲ್ಲುತ್ತದೆ. ಬಾಕ್ಸಿನ ಗೋಡೆ 90ಕ್ಕೆ ನಿಲ್ಲಬೇಕಲ್ಲ, ಹಾಗಾಗಿ ಅರ್ಧ ಇಡಿ. ಗೆರೆಯ ತುದಿಗಳು ಒಂದಕ್ಕೊಂದು ಮುಟ್ಟದೆ ಕೂದಲೆಳೆ ಬಿಟ್ಟಿದ್ದರೂ ಅದು ಬೇರೆ ಬೇರೆ ಚುಕ್ಕೆ ಅಂದುಕೊಳ್ಳುತ್ತದೆ, ತುದಿ ಕೂಡಿಸುವ ಅಂತರವನ್ನು ಅಲ್ಲೇ ಸ್ವಲ್ಪ ಜಾಸ್ತಿ ಮಾಡಬಹುದು.

ಹಾಳೆ ಹಾಳೆಯೊಳಗೆ ತೂರಿಕೊಂಡು ಹೋದರೂ ಅದು ತಡೆಯುವುದಿಲ್ಲ, ಅದೊಂದು ನೆನಪಿಡಿ. ಪದರ ಯಾವುದರ ಮೇಲೆ ಯಾವುದು ಅನ್ನುವುದು ಮುಖ್ಯ ಆದಾಗ ಓರಿಯೆಡಿಟಾಗೇ ವಾಪಸ್ ಬರಬೇಕು.

ಬೀದರ್ ಚಿಗರಿ

ಚರ್ಚೆ ಓದಿ ಖುಷಿಯಾಯಿತು. ನನ್ನದು ಬೇರೆ ದಾರಿ. ನಮ್ಮ ಬೀದರ್ ಕಡೆ ಹೊಲದಲ್ಲಿ ಚಿಗರಿ ಹಿಂಡು ಕಾಣುತ್ತವೆ, ಕೃಷ್ಣಮೃಗ. ಒಂದೇ ಚೌಕ ಹಾಳೆಯಲ್ಲಿ, ಕತ್ತರಿ ಹಾಕದೆ ಚಿಗರಿ ಮಡಚಬೇಕು ಅಂತ ಎರಡು ವರ್ಷದಿಂದ ಕೂತಿದ್ದೇನೆ. ನಾಲ್ಕು ಕಾಲು, ಬಾಲ, ಮೂತಿ, ಎರಡು ಕಿವಿ, ಎರಡು ಉದ್ದ ಕೊಂಬು. ಒಟ್ಟು ಹತ್ತು ತುದಿ. ರಾಬರ್ಟ್ ಲ್ಯಾಂಗ್ ಅವರ ಟ್ರೀಮೇಕರ್ ಬಳಸುತ್ತಿದ್ದೇನೆ. ಲೇಸರ್ ಭೌತಶಾಸ್ತ್ರದ ಕೆಲಸ ಬಿಟ್ಟು 2001ರಿಂದ ಪೂರ್ತಿ ಓರಿಗಾಮಿಗೇ ನಿಂತವರು ಅವರು.

ಅದರಲ್ಲಿ ಪ್ರಾಣಿಯನ್ನು ಕಡ್ಡಿಗೊಂಬೆ ಹಾಗೆ ಬಿಡಿಸಬೇಕು, ಯಾವ ಕಡ್ಡಿ ಎಷ್ಟು ಉದ್ದ ಅಂತ ಹೇಳಬೇಕು. ಪ್ರತಿ ತುದಿಗೂ ಅದರ ಉದ್ದದಷ್ಟು ತ್ರಿಜ್ಯದ ವೃತ್ತ ಹಾಳೆ ಮೇಲೆ ಬೇಕಾಗುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಕಡ್ಡಿಗಳ ಮೇಲೆ ನಡೆದರೆ ಎಷ್ಟು ದೂರವೋ, ಹಾಳೆ ಮೇಲೆ ಅವೆರಡರ ನಡುವೆ ಕನಿಷ್ಠ ಅಷ್ಟು ದೂರ ಇರಲೇಬೇಕು. ಹಾಳೆ ಮೂಲೆಯಲ್ಲಿ ತುದಿ ಇಟ್ಟರೆ ಕಾಲು ವೃತ್ತದ ಜಾಗ ಸಾಕು, ಅಂಚಿನಲ್ಲಿ ಅರ್ಧ, ನಡುವೆ ಇಟ್ಟರೆ ಪೂರ್ತಿ ವೃತ್ತ ತಿನ್ನುತ್ತದೆ. ಹಾಗಾಗಿ ಕೊಂಬುಗಳಿಗೆ ಎರಡು ಮೂಲೆ ಕೊಟ್ಟೆ. ನಕ್ಷೆ ಬಂತು, ಬಹಳ ಚೆಂದ ಬಂತು. ಆದರೆ ಚುಕ್ಕೆಗಳು ಎಲ್ಲೆಲ್ಲೋ ಇವೆ, ಹಾಳೆಯ ಬದಿ 1 ಅಂದುಕೊಂಡರೆ 0.3827 ಅಂಥ ಜಾಗದಲ್ಲಿ. ಸ್ಕೇಲಿನಿಂದ ಗುರುತು ಹಾಕಲು ಮನಸ್ಸಿಲ್ಲ. ಮಡಚಿಯೇ ಆ ಜಾಗ ಹುಡುಕಬೇಕು ಅಂತ ಆಸೆ.

ಸೇಡಂರೋಡ್

ಲ್ಯಾಂಗ್ ಅವರದ್ದೇ ರೆಫರೆನ್ಸ್‌ಫೈಂಡರ್ ಇದಕ್ಕೇ ಇರುವುದು. ಚುಕ್ಕೆಯ ಜಾಗ ಕೊಟ್ಟರೆ ಕೆಲವೇ ಮಡಿಕೆಯಲ್ಲಿ ಅದರ ಹತ್ತಿರ ಹೇಗೆ ಹೋಗಬೇಕು ಅಂತ ಚಿತ್ರ ಹಾಕಿ ತೋರಿಸುತ್ತದೆ, ಎಷ್ಟು ತಪ್ಪುತ್ತದೆ ಅಂತಲೂ ಹೇಳುತ್ತದೆ.

ಆದರೆ ಚಿಗರಿಗೆ ನಾನಾಗಿದ್ದರೆ ಬಾಕ್ಸ್ ಪ್ಲೀಟಿಂಗ್ ದಾರಿ ಹಿಡಿಯುತ್ತಿದ್ದೆ. ಹಾಳೆಯನ್ನು ಚೌಕುಳಿ ಮಾಡಿಕೊಂಡು ಎಲ್ಲಾ ಗೆರೆ ಅದರ ಮೇಲೇ ಬರುವಂತೆ ನೋಡಿಕೊಳ್ಳುವುದು. ಬಾಕ್ಸ್ ಪ್ಲೀಟಿಂಗ್ ಸ್ಟುಡಿಯೋ ಅಂತ ಬ್ರೌಸರಿನಲ್ಲೇ ನಡೆಯುವ ಸಾಧನ ಇದೆ, ಟ್ರೀಮೇಕರ್ ಹಾಗೇ ಕಡ್ಡಿಗೊಂಬೆ ಹಾಕಿ ಶುರು ಮಾಡಬಹುದು. ಹುಡುಕಿಕೊಂಡು ಹೋಗಬೇಕಾದ ಚುಕ್ಕೆಯೇ ಇರಲ್ಲ.

ಬ್ರಹ್ಮಪುರ ಪ್ರೆಸ್

ಚೌಕುಳಿ ಮಾಡುವಾಗ ದಪ್ಪ ಮರೆಯಬೇಡಿ. ಉದಾಹರಣೆಗೆ 24 ಸೆಂ.ಮೀ. ಹಾಳೆಗೆ 32 ಮನೆ ಅಂದರೆ ಒಂದು ಮನೆ ಏಳೂವರೆ ಮಿ.ಮೀ. 80 ಜಿಎಸ್‌ಎಂ ಹಾಳೆ ಹತ್ತಿರ ಹತ್ತಿರ 0.1 ಮಿ.ಮೀ. ದಪ್ಪ. ಕಾಲಿನಲ್ಲಿ 32 ಪದರ ಸೇರಿದರೆ 3 ಮಿ.ಮೀ. ದಾಟಿತು, ಏಳೂವರೆ ಮಿ.ಮೀ. ಅಗಲದ ಕಾಲು ಅಷ್ಟು ದಪ್ಪ ಆದರೆ ಚಿಗರಿ ಎಮ್ಮೆ ಕಾಲಿನ ಮೇಲೆ ನಿಲ್ಲುತ್ತದೆ. ಈ ಸಾಫ್ಟ್‌ವೇರ್‌ಗಳೆಲ್ಲ ಕಾಗದಕ್ಕೆ ದಪ್ಪವೇ ಇಲ್ಲ ಅಂದುಕೊಂಡು ಲೆಕ್ಕ ಹಾಕುತ್ತವೆ ಅಂತ ಕಾಣುತ್ತದೆ. ದೊಡ್ಡ ಹಾಳೆ, ತೆಳು ಹಾಳೆ ತಗೊಳ್ಳಿ. ಬೇಕಾದರೆ ಬನ್ನಿ, ತೆಳು ಕಾಗದ ನಾಲ್ಕೈದು ಥರದ್ದು ಇವೆ, ಮುಟ್ಟಿ ನೋಡಿ ಆರಿಸಿಕೊಳ್ಳಬಹುದು.

ಹಳೇ ಕೈ

ನನಗೆ ಅರವತ್ತು ದಾಟಿದೆ. ಇಷ್ಟೊಂದು ಸಾಫ್ಟ್‌ವೇರ್ ಹೆಸರು ಓದಿ ಒಂದು ಮಾತು ಹೇಳಬೇಕು ಅನ್ನಿಸಿತು. ಜಪಾನಿನ ಓರಿಗಾಮಿ ಗುರು ಅಕಿರಾ ಯೋಶಿಜಾವಾ ಸಾವಿರಾರು ಮಾದರಿ ಮಡಚಿದರು, ಕಂಪ್ಯೂಟರ್ ಇಲ್ಲದೆ. ಒದ್ದೆ ಮಾಡಿ ಮಡಚುವ ಪದ್ಧತಿ ಅವರು ತೋರಿಸಿದ್ದು. ನಮ್ಮ ಕಲಬುರಗಿಯ ಮೇ ಬಿಸಿಲಿನಲ್ಲಿ ಒದ್ದೆ ಹಾಳೆ ಇನ್ನೊಂದು ಕಿವಿ ಮಡಚುವಷ್ಟರಲ್ಲಿ ಒಣಗಿರುತ್ತದೆ, ಅದು ಯಾವ ತೆರೆಯ ಮೇಲೂ ಕಾಣಲ್ಲ. ಮಕ್ಕಳಿಗೆ ಮೊದಲೇ ತೆರೆ ತೋರಿಸಿದರೆ ಕೈ ಕಲಿಯುವುದು ಯಾವಾಗ? ಚೌಕದ ಕೆಳಗಿನ ಮೂಲೆಯನ್ನು ಮೇಲಿನ ಅಂಚಿನ ನಡುವಿಗೆ ತಂದು ಮಡಚಿ ನೋಡಿ. ಕೆಳಗಿನ ಅಂಚು ಎದುರು ಬದಿಯನ್ನು ದಾಟುವ ಜಾಗ ಸರಿಯಾಗಿ ಮೂರನೇ ಒಂದು ಭಾಗ. ಜಪಾನಿನ ಕಜುವೊ ಹಾಗಾ ಅನ್ನುವವರು ಇದನ್ನು ಹಾಳೆಯಲ್ಲೇ ಕಂಡರು.

ಸೇಡಂರೋಡ್

ಕಾಕಾ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ನಾನೂ ಕೈಯಲ್ಲಿ ಮಡಚಿಯೇ ಶುರು ಮಾಡಿದ್ದು. ಆದರೆ ಮೇಷ್ಟ್ರ ಮಕ್ಕಳು ಮೂರು ಹಾಳೆ ಹರಿದರು, ಯಾಕೆ ಹರಿಯಿತು ಅಂತ ಅವರ ಕೈಗೆ ಗೊತ್ತಾಗಲಿಲ್ಲ. ಕೋನ ಅಳೆದು, ತೆರೆಯ ಮೇಲೆ ಕೆಂಪು ಬಣ್ಣ ಕಂಡ ಮೇಲೆ ತಪ್ಪು ಎಲ್ಲಿದೆ ಅಂತ ಗೊತ್ತಾಯಿತು. ಒಂದು ನಕ್ಷೆ ಚಪ್ಪಟೆ ಮಡಚುತ್ತದಾ ಅಂತ ಪೂರ್ತಿ ನಿರ್ಧರಿಸುವುದು ಕಂಪ್ಯೂಟರಿಗೂ ಕಷ್ಟದ ಲೆಕ್ಕ, 1996ರಲ್ಲಿ ಬರ್ನ್ ಮತ್ತು ಹೇಯ್ಸ್ ಅನ್ನುವ ಇಬ್ಬರು ಸಂಶೋಧಕರು ಅದನ್ನು ಸಾಧಿಸಿ ತೋರಿಸಿದ್ದಾರೆ. ಪ್ರತಿ ಚುಕ್ಕೆ ಸರಿ ಇದ್ದರೂ ಒಟ್ಟು ಹಾಳೆ ಸಿಕ್ಕಿಕೊಳ್ಳಬಹುದು. ಹಾಗಾಗಿ ಕೈ ಬಿಡಿ ಅಂತ ನಾನು ಯಾವತ್ತೂ ಹೇಳಲ್ಲ. ಆದರೆ ಕೈ ಎಲ್ಲಿ ಸೋತಿತು ಅಂತ ತೋರಿಸುವ ಕಣ್ಣು ಒಂದು ಇದ್ದರೆ ಮಗು ನಾಲ್ಕನೇ ಹಾಳೆಯನ್ನು ಬೇಸರವಿಲ್ಲದೆ ಎತ್ತಿಕೊಳ್ಳುತ್ತದೆ.

ಹಳೇ ಕೈ

ಅದು ಸರಿ ಮಗಳೇ. ನಾಲ್ಕನೇ ಹಾಳೆಯ ಮಾತು ಒಪ್ಪಿದೆ. ಆ ಕೆಂಪಾಗುವುದನ್ನು ನನಗೂ ಒಮ್ಮೆ ತೋರಿಸು, ಮೊಮ್ಮಗನ ಫೋನಿನಲ್ಲಿ ತೆರೆಯುತ್ತದಾ?

ಸೇಡಂರೋಡ್

ತೆರೆಯಬಹುದು ಕಾಕಾ, ಹಾಕಿ ನೋಡಿ. ಅದರಲ್ಲೇ ಕೊಕ್ಕರೆ ಸಿದ್ಧ ಇದೆ, ಅದನ್ನು ಮೊದಲು ಮಡಚಿ ನೋಡಿ. ನೀವು ಕೈಯಲ್ಲಿ ಮಡಚುವ ಕ್ರಮಕ್ಕೂ ಅದು ಮಡಚುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನಿಮಗೇ ನಮಗಿಂತ ಚೆನ್ನಾಗಿ ಕಾಣುತ್ತದೆ.

ಭೀಮಾತೀರದ ಮೇಷ್ಟ್ರು

ಎಲ್ಲರಿಗೂ ವರದಿ ಕೊಡಬೇಕು. ಬಣ್ಣ ಅದಲುಬದಲು ಮಾಡಿದೆವು. ಸಿಮ್ಯುಲೇಟರಿನಲ್ಲಿ ಮೊದಲಿನಿಂದ ಕೊನೆವರೆಗೆ ನೀಲಿಯಾಗೇ ಉಳಿಯಿತು. ಎ3 ಹಾಳೆ, ಖಾಲಿ ಪೆನ್ನು, ಕೆಳಗೆ ನೋಟ್‌ಬುಕ್. ಎಲ್ಲಾ ಗೆರೆಯನ್ನೂ ಎರಡೂ ಕಡೆ ಮಡಚಿ ಬಿಡಿಸಲು ಒಂದು ಪೂರ್ತಿ ಪೀರಿಯಡ್ ಬೇಕಾಯಿತು. ಕೂಡಿಸುವಾಗ ಆರು ಜನ ಸುತ್ತ ಕೂತು ಒಂದೊಂದು ಸಾಲು ಹಿಡಿದರು. ಮೊದಲೆರಡು ಸಾಲು ಜಗ್ಗಾಡಿತು, ಮೂರನೇ ಸಾಲು ಕೂತ ಮೇಲೆ ಉಳಿದದ್ದು ತಾನಾಗಿ ಒಳಗೆ ಬಂತು. ಒಬ್ಬ ಹುಡುಗಿ ಎರಡು ಮೂಲೆ ಹಿಡಿದು ಎಳೆದಳು. ಬಿಚ್ಚಿತು. ತಳ್ಳಿದಳು, ಮುಚ್ಚಿತು. ಊಟದ ಗಂಟೆ ಹೊಡೆದರೂ ಯಾರೂ ಎದ್ದಿರಲಿಲ್ಲ.

ಈಗ ಅವರಿಗೆ ರಟ್ಟಿನ ತುಂಡು ಅಂಟಿಸಿ ನಿಜವಾದ ಫಲಕದ ಹಾಗೆ ಮಾಡಬೇಕಂತೆ. 2 ಮಿ.ಮೀ. ದಪ್ಪದ ರಟ್ಟು. ಪ್ರೆಸ್ ಅಣ್ಣಾ, ದಪ್ಪದ ಮಾತು ನೀವೇ ಎತ್ತಿದ್ದಿರಿ, ಇದಕ್ಕೆ ದಾರಿ ಹೇಳಿ.

ಬ್ರಹ್ಮಪುರ ಪ್ರೆಸ್

ರಟ್ಟನ್ನು ಗೆರೆಗೆ ಅಂಟಿಸಿಕೊಂಡು ಇಡಬೇಡಿ ಸರ್. ಕೆಳಗೆ ಕಾಗದದ ಬದಲು ತೆಳು ಕಾಟನ್ ಬಟ್ಟೆ ಹಾಕಿ, ರಟ್ಟಿನ ತುಂಡುಗಳನ್ನು ಬಿಡಿ ಬಿಡಿಯಾಗಿ ಅಂಟಿಸಿ, ನಡುವೆ ಜಾಗ ಬಿಡಿ. ರಟ್ಟಿರುವ ಮುಖ ಒಳಗೆ ಹೋಗುವ ಮಡಿಕೆಯಲ್ಲಿ ಎರಡು ರಟ್ಟೂ ಎದುರುಬದುರು ಬರುತ್ತವೆ, ಅಲ್ಲಿ 4 ಮಿ.ಮೀ.ಗಿಂತ ಕಡಿಮೆ ಬಿಟ್ಟರೆ ಮುಚ್ಚುವುದಿಲ್ಲ. ಲೆಡ್ಜರ್ ಪುಸ್ತಕಕ್ಕೆ ಬೈಂಡಿಂಗ್ ಮಾಡುವಾಗ ಬೆನ್ನಿನ ಹತ್ತಿರ ಇದೇ ಥರ ಜಾಗ ಬಿಡುತ್ತೇವೆ. ಮೊದಲು ನಾಲ್ಕೇ ಮನೆ ಮಾಡಿ, ಒಂದು ಚುಕ್ಕೆ ಸುತ್ತ. ಅದು ಮುಚ್ಚಿ ಬಿಚ್ಚಿದರೆ ಮುಂದಿನದು. ರಟ್ಟು ನಾನು ಕತ್ತರಿಸಿ ಕೊಡುತ್ತೇನೆ, ಮನೆಯ ಅಳತೆ ಮತ್ತು 75 ಡಿಗ್ರಿ ಕೋನ ಬರೆದು ಕಳಿಸಿ, ಈ ಸಲ ಕೋನಮಾಪಕ ಬೇಡ, ಫೈಲ್ ಕಳಿಸಿ.